ಬಜಪೆಯ ಗುಡ್ಡ, ಕಾಣದ ಕಿರಣ

ಮಂಗಳೂರಿನ ಬಜಪೆ ವಿಮಾನ ನಿಲ್ದಾಣ ಗುಡ್ಡದ ನೆತ್ತಿಯನ್ನು ಕಡಿದು ಸಮ ಮಾಡಿ ಕಟ್ಟಿದ್ದು. ರನ್‌ವೇ ಮುಗಿದ ಸ್ವಲ್ಪ ದೂರದಲ್ಲೇ ನೆಲವೂ ಮುಗಿಯುತ್ತದೆ, ಆಚೆಗೆ ಕಣಿವೆ. 1951ರಲ್ಲಿ ನೆಹರೂ ಇದನ್ನು ಉದ್ಘಾಟಿಸಿದರು. ಹಳೆಯ ರನ್‌ವೇಯ ಉದ್ದ ಸುಮಾರು 1600 ಮೀಟರ್ ಮಾತ್ರ. 1981ರ ಆಗಸ್ಟ್‌ನಲ್ಲಿ, ಒದ್ದೆ ರನ್‌ವೇಯಲ್ಲಿ ಇಳಿದ ಆವ್ರೊ ವಿಮಾನವೊಂದು ತುದಿ ದಾಟಿ ನಿಂತಿತ್ತು. ಅದೃಷ್ಟಕ್ಕೆ ಯಾರೂ ಸಾಯಲಿಲ್ಲ. 2006ರಲ್ಲಿ 2450 ಮೀಟರ್‌ನ ಹೊಸ ರನ್‌ವೇ ಬಳಕೆಗೆ ಬಂತು. ಅದೇ ವರ್ಷ ದುಬೈಯಿಂದ ನೇರ ವಿಮಾನಗಳೂ ಬರತೊಡಗಿದವು.

ಮಳೆ, ಮಂಜು, ಸುತ್ತಲೂ ಗುಡ್ಡ. ಇಂಥ ಜಾಗದಲ್ಲಿ ಪೈಲಟ್ ಕಣ್ಣನ್ನಷ್ಟೇ ನಂಬಿ ಇಳಿಯಲಾಗದು. ರೇಡಿಯೊ ತರಂಗಗಳು ದಾರಿ ತೋರಬೇಕು. ಅವುಗಳಲ್ಲಿ ಮೊದಲನೆಯದು ವಿಓಆರ್. ತೀರದ ದೀಪಸ್ತಂಭ ಹಡಗಿಗೆ ಮಾಡುವ ಕೆಲಸವನ್ನೇ ಇದು ವಿಮಾನಕ್ಕೆ ಮಾಡುತ್ತದೆ: ನಿಲ್ದಾಣದಿಂದ ನೀವು ಯಾವ ದಿಕ್ಕಿನಲ್ಲಿದ್ದೀರಿ ಎಂದು ಹೇಳುತ್ತದೆ. ಎಷ್ಟು ದೂರ ಎಂಬುದನ್ನು ತಿಳಿಸುವುದು ಡಿಎಂಇ. ವಿಮಾನ ಕಳಿಸಿದ ಸಂಕೇತಕ್ಕೆ ನೆಲದ ಯಂತ್ರ ಸರಿಯಾಗಿ 50 ಮೈಕ್ರೊಸೆಕೆಂಡ್ ತಡೆದು ಉತ್ತರಿಸುತ್ತದೆ. ಹೋಗಿ ಬಂದ ಸಮಯದಲ್ಲಿ ಅಷ್ಟನ್ನು ಕಳೆದರೆ ದೂರ ಸಿಕ್ಕಿತು.

ಇಳಿಯುವಾಗ ಬೇಕಾದದ್ದು ಐಎಲ್‌ಎಸ್. ಅದರ ‘ಲೋಕಲೈಸರ್’ ಎಂಬ ಆಂಟೆನಾ ರನ್‌ವೇಯ ಕೊನೆಯಾಚೆ ನಿಂತು, ಒಂದು ಮಗ್ಗುಲಿಗೆ 90 ಹರ್ಟ್ಸ್, ಇನ್ನೊಂದು ಮಗ್ಗುಲಿಗೆ 150 ಹರ್ಟ್ಸ್ ಕಂಪನವಿರುವ ತರಂಗ ಹೊಮ್ಮಿಸುತ್ತದೆ. ಎರಡೂ ಸಮವಾದಲ್ಲಿ ರನ್‌ವೇಯ ನಡುಗೆರೆ. ‘ಗ್ಲೈಡ್ ಸ್ಲೋಪ್’ ಎಂಬ ಇನ್ನೊಂದು ಕಿರಣ ಸುಮಾರು ಮೂರು ಡಿಗ್ರಿಯ ಇಳಿಜಾರನ್ನು ತೋರುತ್ತದೆ. ಇದರಲ್ಲೊಂದು ಮೋಸವಿದೆ. ಇದೇ ಆಂಟೆನಾದಿಂದ ದುಪ್ಪಟ್ಟು ಕೋನದಲ್ಲಿ ಸುಳ್ಳು ಕಿರಣವೊಂದೂ ಹುಟ್ಟುತ್ತದೆ. ತೀರಾ ಎತ್ತರದಿಂದ ಬಂದವನಿಗೆ ಮುಳ್ಳು ಸರಿಯಾಗಿದೆಯೆಂದೇ ತೋರಬಹುದು.

ಇವೆಲ್ಲ ಪೈಲಟ್‌ಗೆ ದಾರಿ ಹೇಳುವ ಸಾಧನಗಳು. ಪೈಲಟ್ ಎಲ್ಲಿದ್ದಾನೆಂದು ನಿಯಂತ್ರಕನಿಗೆ ತೋರುವುದು ರಾಡಾರ್. ಮಂಗಳೂರಿನ ರಾಡಾರ್ 2010ರ ಮೇ 20ರಿಂದ ಕೆಟ್ಟು ನಿಂತಿತ್ತು. ಪೈಲಟ್‌ಗಳಿಗೆ ಸೂಚನೆಯೂ ಹೋಗಿತ್ತು.

ಮೇ 22ರ ಬೆಳಗಿನ ಜಾವ ದುಬೈಯಿಂದ 166 ಜನರೊಡನೆ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನ ಬೋಯಿಂಗ್ 737 ವಿಮಾನ 37,000 ಅಡಿ ಎತ್ತರದಲ್ಲಿತ್ತು. ಸುಮಾರು 130 ನಾಟಿಕಲ್ ಮೈಲಿ ದೂರದಲ್ಲಿದ್ದಾಗ ಸಹಪೈಲಟ್ ಕೆಳಗಿಳಿಯಲು ಅನುಮತಿ ಕೇಳಿದರು. ಸಿಗಲಿಲ್ಲ. ರಾಡಾರ್ ಇಲ್ಲದಾಗ ನಿಯಂತ್ರಕ ಪೈಲಟ್‌ಗಳು ಹೇಳುವ ದೂರ, ಎತ್ತರ, ಸಮಯಗಳನ್ನು ಬರೆದುಕೊಂಡೇ ವಿಮಾನಗಳ ನಡುವೆ ಅಂತರ ಕಾಯಬೇಕು. ಅಂತರವನ್ನೂ ಹೆಚ್ಚೇ ಇಡಬೇಕು. ಇಳಿಯಲು ಆರಂಭಿಸಿದಾಗ ಉಳಿದಿದ್ದುದು 77 ಮೈಲಿ.

ಅದರಿಂದಲೇ ಅಪಘಾತವಾಯಿತು ಎನ್ನಲಾಗದು. ತಡವಾಗಿ ಇಳಿಯತೊಡಗಿದರೆ ಒಂದು ಸುತ್ತು ಹೊಡೆದು ಎತ್ತರ ಕಳೆದುಕೊಳ್ಳಬಹುದು. ಕ್ಯಾಪ್ಟನ್ ಹಾಗೆ ಮಾಡಲಿಲ್ಲ. ಹಾರಾಟದ ಬಹುಹೊತ್ತು ಅವರು ನಿದ್ರಿಸಿದ್ದು ಧ್ವನಿಮುದ್ರಿಕೆಯಲ್ಲಿ ದಾಖಲಾಗಿದೆ. ರನ್‌ವೇ ಸಮೀಪಿಸಿದಾಗ ವಿಮಾನ ಇರಬೇಕಾದ ಎತ್ತರಕ್ಕಿಂತ ಹೆಚ್ಚುಕಡಿಮೆ ಇಮ್ಮಡಿ ಎತ್ತರದಲ್ಲಿತ್ತು.

ಆಗ ಗೋಪುರದಿಂದ ಪ್ರಶ್ನೆ ಬಂತು: ಐಎಲ್‌ಎಸ್ ಕಿರಣದ ಮೇಲಿದ್ದೀರಾ? ಕ್ಯಾಪ್ಟನ್ ಒತ್ತಾಯದಿಂದ ಸಹಪೈಲಟ್ ‘ಹೌದು’ ಎಂದರು. ಪೈಲಟ್‌ನ ಮಾತೇ ಆಧಾರವಾಗಿದ್ದ ಗೋಪುರ ಇಳಿಯಲು ಅನುಮತಿ ಕೊಟ್ಟಿತು. ವಿಮಾನದೊಳಗೆ ಸಹಪೈಲಟ್ ಮೂರು ಸಲ ‘ಗೋ ಅರೌಂಡ್’ ಎಂದರು, ಅಂದರೆ ಇಳಿಯದೆ ಮೇಲೇರಿ ಎಂದು. ರೇಡಿಯೊದಲ್ಲಿ ಹೋದ ಮಾತೊಂದು, ಕಾಕ್‌ಪಿಟ್‌ನೊಳಗೆ ಉಳಿದ ಮಾತೊಂದು.

ಚಕ್ರ ನೆಲ ಮುಟ್ಟಿದಾಗ ಸುಮಾರು 5200 ಅಡಿ ರನ್‌ವೇ ಹಿಂದೆ ಹೋಗಿತ್ತು. ಮುಂದೆ ಉಳಿದದ್ದು 2800 ಅಡಿ. ಆಗಲೂ ಪೂರ್ಣ ಬ್ರೇಕ್ ಹಾಕಿದ್ದರೆ ನಿಲ್ಲುತ್ತಿತ್ತೆಂದು ತನಿಖಾ ವರದಿ ಲೆಕ್ಕ ಹಾಕಿದೆ. ರನ್‌ವೇ ಚಿಕ್ಕದೆಂದು ದೂರಿದವರು ಇದನ್ನು ಗಮನಿಸಬೇಕು. ಕ್ಯಾಪ್ಟನ್ ಮತ್ತೆ ಮೇಲೇರಲು ಯತ್ನಿಸಿದರು. ವಿಮಾನ ತುದಿ ದಾಟಿ ಕಣಿವೆಗೆ ಉರುಳಿತು. 158 ಮಂದಿ ಸತ್ತರು, ಎಂಟು ಮಂದಿ ಬದುಕಿದರು.

ಏರ್ ಮಾರ್ಷಲ್ ಬಿ.ಎನ್. ಗೋಖಲೆ ನೇತೃತ್ವದ ತನಿಖಾ ನ್ಯಾಯಾಲಯ ನೇರ ಕಾರಣವನ್ನು ಕ್ಯಾಪ್ಟನ್ ಮೇಲೆ ಹೊರಿಸಿತು. ಕೆಟ್ಟ ರಾಡಾರ್‌ನಿಂದಾಗಿ ಇಳಿಕೆ ತಡವಾದದ್ದನ್ನು ಪೂರಕ ಕಾರಣಗಳಲ್ಲಿ ಸೇರಿಸಿತು. ವರದಿಯಲ್ಲಿ ಇನ್ನೊಂದು ಸಂಗತಿ ಇದೆ. ರನ್‌ವೇ ಬಿಟ್ಟು ನುಗ್ಗಿದ ವಿಮಾನದ ಬಲರೆಕ್ಕೆ, ಕಣಿವೆಗೆ ಬೀಳುವ ಮುನ್ನ ಕಾಂಕ್ರೀಟ್ ಕಟ್ಟೆಯೊಂದಕ್ಕೆ ಬಡಿದಿತ್ತು. ಆ ಕಟ್ಟೆಯ ಮೇಲಿದ್ದುದು ಲೋಕಲೈಸರ್ ಆಂಟೆನಾ. ಅಂಥ ಆಧಾರಗಳು ವಿಮಾನ ತಾಗಿದರೆ ಮುರಿದು ಬೀಳುವಂತಿರಬೇಕು ಎಂದು ನ್ಯಾಯಾಲಯ ಶಿಫಾರಸು ಮಾಡಿತು.