ಹರಾಜು, ಸರದಿ, ಒಂದು ಫೋನ್ ಕಾಲ್: ನಮ್ಮೂರ ಟೀಮ್ ಕಟ್ಟಿದ ಕಥೆ

ಹೋದ ವಾರ ನೋಟಿಸ್ ಬೋರ್ಡಲ್ಲಿ ಕಾಲೇಜ್ ಬಾಸ್ಕೆಟ್‌ಬಾಲ್ ಟೀಮಿನ ಲಿಸ್ಟ್ ಹಾಕಿದ್ರು. 12 ಹೆಸರು. ಟ್ರಯಲ್ಸಿಗೆ ಬಂದಿದ್ದವರು ಅದರ ಮೂರರಷ್ಟು. ಹೆಸರು ಇಲ್ಲದವರಲ್ಲಿ ನಿಮ್ಮಲ್ಲೂ ಕೆಲವರಿದ್ದೀರಿ. ಅವತ್ತು ಸಂಜೆ ಗಾಂಧಿ ಬಜಾರಲ್ಲಿ ಕಾಫಿ ಕುಡೀತಾ ಒಬ್ಬ ಫ್ರೆಂಡ್ ಕೇಳಿದ: "ಎನ್‌ಬಿಎ ಥರ ಇಲ್ಲೂ ಡ್ರಾಫ್ಟ್ ಇದ್ದಿದ್ರೆ, ಕೊನೆಗಾದ್ರೂ ಯಾರೋ ಒಬ್ರು ನನ್ನನ್ನ ತಗೋತಿದ್ರು ಅಲ್ವಾ ಮಗಾ?"

ನನಗೆ ಆಗ ಉತ್ತರ ಹೊಳೀಲಿಲ್ಲ. ನಮ್ಮ ಏರಿಯಾ ಇತಿಹಾಸ ಸರಣಿಯ ಈ ಭಾಗ ಅವನಿಗೆ ಕೊಡಬೇಕಿದ್ದ ಉತ್ತರ. ಸ್ವಲ್ಪ ಉದ್ದ ಇದೆ, ಕೊನೇವರೆಗೂ ಓದಿ.

1️⃣ ಡ್ರಾಫ್ಟ್ ನಿಮಗೆ ಆಗಲೇ ಗೊತ್ತು

ಬಸವನಗುಡಿಯ ನ್ಯಾಷನಲ್ ಕಾಲೇಜ್ ಗ್ರೌಂಡಲ್ಲೋ, ಮಲ್ಲೇಶ್ವರಂ 18ನೇ ಕ್ರಾಸ್ ಮೈದಾನದಲ್ಲೋ, ಚಾಮರಾಜಪೇಟೆಯ ಯಾವುದೋ ಅಡ್ಡರಸ್ತೆಯಲ್ಲೋ ಕ್ರಿಕೆಟ್ ಆಡಿದ್ದೀರಾ? ಹಾಗಾದ್ರೆ ಡ್ರಾಫ್ಟ್ ನೋಡಿದ್ದೀರಿ. ಇಬ್ಬರು ಕ್ಯಾಪ್ಟನ್, ಒಂದು ಟಾಸ್, ಆಮೇಲೆ ನಿನಗೊಬ್ಬ ನನಗೊಬ್ಬ ಅಂತ ಆರಿಸೋದು. ಬ್ಯಾಟ್ ತಂದವನು ಬೇಗ ಆಯ್ಕೆ ಆಗ್ತಾನೆ. ಕೊನೇಲಿ ಒಬ್ಬ ಉಳಿದರೆ ಅವನು ಎರಡೂ ಕಡೆ ಆಡೋ 'ಜೋಕರ್'.

ಅಮೆರಿಕದ ಬಾಸ್ಕೆಟ್‌ಬಾಲ್‌ನಲ್ಲಿ ಇದೇ ಆಟ 1947ರಲ್ಲಿ ಶುರುವಾಯ್ತು. ಅಲ್ಲಿನ ಮೂಲ ನಿಯಮ: ಹಿಂದಿನ ವರ್ಷ ಸೋತು ಸುಣ್ಣವಾದ ತಂಡಕ್ಕೆ ಮೊದಲ ಆಯ್ಕೆ. ಬಲವಿಲ್ಲದವರು ಮೇಲೆ ಬರಲಿ ಅಂತ. ಒಳ್ಳೇ ಹುಡುಗ ಸಿಗ್ತಾನೆ ಅಂತ ಬೇಕಂತಲೇ ಸೋಲಬಾರದಲ್ಲ, ಅದಕ್ಕೆ 1985ರಿಂದ ಲಾಟರಿಯನ್ನೂ ಸೇರಿಸಿದರು. 2015ರಲ್ಲಿ ಪಂಜಾಬಿನ ಹಳ್ಳಿ ಹುಡುಗ ಸತ್ನಾಮ್ ಸಿಂಗ್ ಅವರನ್ನ ಡಲ್ಲಾಸ್ ತಂಡ 52ನೇ ಆಯ್ಕೆಯಾಗಿ ತಗೊಂಡಿದ್ದು ಇದೇ ಡ್ರಾಫ್ಟಲ್ಲಿ.

ಆದರೆ ಇದರಲ್ಲಿ ಒಂದು ಕೊರತೆ ಇದೆ. ಆರಿಸೋದು ತಂಡ, ಆಟಗಾರ ಅಲ್ಲ. ಒಂದು ಕಾಲಕ್ಕೆ ಒಪ್ಪಂದ ಮುಗಿದ ಮೇಲೂ ಆಟಗಾರನ ಮೇಲೆ ಹಳೇ ತಂಡದ ಹಿಡಿತ ಇರ್ತಿತ್ತು. ಆಸ್ಕರ್ ರಾಬರ್ಟ್‌ಸನ್ ಅನ್ನೋ ದೊಡ್ಡ ಆಟಗಾರ 1970ರಲ್ಲಿ ಕೋರ್ಟಿಗೆ ಹೋದರು, 1976ರಲ್ಲಿ ರಾಜಿ ಆಯ್ತು. ಒಪ್ಪಂದ ಮುಗಿದವನು ತನ್ನ ತಂಡವನ್ನ ತಾನೇ ಹುಡುಕಿಕೊಳ್ಳೋ 'ಫ್ರೀ ಏಜೆನ್ಸಿ'ಗೆ ದಾರಿ ತೆರೆದಿದ್ದು ಹಾಗೆ.

2️⃣ ನಮ್ಮೂರಿಗೆ ಬಂದಿದ್ದು ಹರಾಜು

ಇದೇ ಲೆಕ್ಕಾಚಾರ ನಮ್ಮೂರಿಗೆ ಬಂದಿದ್ದು ಕ್ರಿಕೆಟ್ ಮೂಲಕ. 20 ಫೆಬ್ರವರಿ 2008, ಮುಂಬೈ, ಐಪಿಎಲ್‌ನ ಮೊದಲ ಹರಾಜು. ಪ್ರತಿ ತಂಡದ ಕೈಯಲ್ಲಿ 50 ಲಕ್ಷ ಡಾಲರ್. ಬೆಂಗಳೂರು ಜಾಕ್ ಕ್ಯಾಲಿಸ್‌ಗೆ 9 ಲಕ್ಷ ಡಾಲರ್ ಕೊಡ್ತು. ರಾಹುಲ್ ದ್ರಾವಿಡ್ 'ಐಕಾನ್' ಆಟಗಾರ, ಅಂದರೆ ತಂಡದಲ್ಲಿ ಅತಿ ಹೆಚ್ಚು ಬೆಲೆ ಪಡೆದವರಿಗಿಂತ 15% ಜಾಸ್ತಿ: 10 ಲಕ್ಷದ 35 ಸಾವಿರ. ಬಸವನಗುಡಿಯ ನ್ಯಾಷನಲ್ ಹೈಸ್ಕೂಲು, ನ್ಯಾಷನಲ್ ಕಾಲೇಜಲ್ಲಿ ಓದಿದ ಅನಿಲ್ ಕುಂಬ್ಳೆ 5 ಲಕ್ಷ.

ಹೆಸರುಗಳೇನೋ ಭರ್ಜರಿ. ಆದರೆ ಮೊದಲ ಮ್ಯಾಚಲ್ಲೇ ಮೆಕಲಮ್ 158 ಹೊಡೆದರು, ನಮ್ಮವರು 82ಕ್ಕೆ ಆಲೌಟ್. ಸೀಸನ್ ಮುಗಿದಾಗ ಎಂಟು ತಂಡಗಳಲ್ಲಿ ಏಳನೇ ಸ್ಥಾನ. 'ಟೆಸ್ಟ್ ಟೀಮ್' ಅಂತ ಜನ ಆಡಿಕೊಂಡರು. ಮುಂದಿನ ವರ್ಷ ಕುಂಬ್ಳೆ ಅದೇ ತಂಡವನ್ನ ಫೈನಲ್‌ವರೆಗೆ ಕರೆದೊಯ್ದರು. 24 ಮೇ 2009, ಜೋಹಾನ್ಸ್‌ಬರ್ಗ್. ಕುಂಬ್ಳೆ 16 ರನ್ ಕೊಟ್ಟು 4 ವಿಕೆಟ್. ಆದರೂ ಸೋತೆವು, 6 ರನ್‌ಗಳಿಂದ. ಈ 6 ನೆನಪಿಟ್ಕೊಳ್ಳಿ.

3️⃣ ಸರದಿಯಲ್ಲಿ ಸಿಕ್ಕ ಹುಡುಗ

ಐಪಿಎಲ್‌ನಲ್ಲೂ ಒಂದು ಡ್ರಾಫ್ಟ್ ನಡೆದಿತ್ತು ಅಂತ ಎಷ್ಟು ಜನಕ್ಕೆ ಗೊತ್ತು? ಮಾರ್ಚ್ 2008. ಭಾರತದ ಅಂಡರ್-19 ತಂಡ ಮಲೇಷ್ಯಾದಲ್ಲಿ ವಿಶ್ವಕಪ್ ಗೆದ್ದು ಬಂದಿತ್ತು. ಆ ಹುಡುಗರಿಗೆ ಹರಾಜು ಇರಲಿಲ್ಲ. ಬೆಲೆ ಮೊದಲೇ ನಿಗದಿ, ತಂಡಗಳು ಆರಿಸಿಕೊಳ್ಳಬೇಕು ಅಷ್ಟೇ. ದೆಹಲಿ ತಂಡ ತನ್ನದೇ ಊರಿನ ಅಂಡರ್-19 ಕ್ಯಾಪ್ಟನ್‌ನ ಬಿಟ್ಟು ಬೌಲರ್ ಪ್ರದೀಪ್ ಸಾಂಗ್ವಾನ್ ಅವರನ್ನ ತಗೊಂಡಿತು. ಆ ಕ್ಯಾಪ್ಟನ್‌ನ ಬೆಂಗಳೂರು ತಗೊಂಡಿತು, 30,000 ಡಾಲರ್‌ಗೆ. ಕ್ಯಾಲಿಸ್‌ಗೆ ಕೊಟ್ಟಿದ್ದರ ಮೂವತ್ತನೇ ಒಂದು ಪಾಲು. ಹೆಸರು ವಿರಾಟ್ ಕೊಹ್ಲಿ.

ಇವತ್ತು 'ನಮ್ಮವನು' ಅಂತೀವಲ್ಲ, ಅವರು ಬಂದಿದ್ದು ಬೆಂಗಳೂರನ್ನ ಮೆಚ್ಚಿ ಅಲ್ಲ. ಡ್ರಾಫ್ಟಲ್ಲಿ ಯಾರೂ ಅವರನ್ನ ಕೇಳಲೇ ಇಲ್ಲ. ಉಳಿದಿದ್ದು ಮಾತ್ರ ಅವರ ಮನಸ್ಸಿಂದ.

ಎಲ್ಲರಿಗೂ ಹಾಗೆ ಕೂಡಿಬರಲಿಲ್ಲ. ಅದೇ ಡ್ರಾಫ್ಟಲ್ಲಿ ರಾಜಸ್ಥಾನಕ್ಕೆ ಹೋದ ರವೀಂದ್ರ ಜಡೇಜ ಬೇರೆ ತಂಡದ ಜೊತೆ ಮಾತುಕತೆಗೆ ಹೋದರು ಅಂತ ಇಡೀ 2010ರ ಸೀಸನ್ ನಿಷೇಧಕ್ಕೆ ಒಳಗಾದರು. ನಿಯಮ ಮುರಿದಿದ್ದು ಹೌದು. ಆದರೆ ಅಮೆರಿಕದ ಆಟಗಾರರು ಕೋರ್ಟಲ್ಲಿ ಹೋರಾಡಿ ಗಳಿಸಿದ ಹಕ್ಕು ನಮ್ಮ ಲೀಗಲ್ಲಿ ಆ ರೂಪದಲ್ಲಿ ಬರಲೇ ಇಲ್ಲ ಅನ್ನೋದೂ ಹೌದು.

4️⃣ ಮಿಕ್ಕವರ ದಾರಿ

ಹಾಗಾದ್ರೆ ಹರಾಜಲ್ಲಿ ಯಾರೂ ಕೈ ಎತ್ತದವರ ಗತಿ? ಅವರು ಕಾಯ್ತಾರೆ. ಯಾರಿಗಾದರೂ ಗಾಯವಾಗಿ ಜಾಗ ಖಾಲಿಯಾದರೆ ಫೋನ್ ಬರುತ್ತೆ. ನಮ್ಮ ಐಪಿಎಲ್‌ನಲ್ಲಿ ಫ್ರೀ ಏಜೆನ್ಸಿಗೆ ತೀರಾ ಹತ್ತಿರದ್ದು ಇದೇ.

ಜನವರಿ 2011ರ ಹರಾಜಲ್ಲಿ ಕ್ರಿಸ್ ಗೇಲ್‌ನ ಯಾರೂ ಕೊಳ್ಳಲಿಲ್ಲ. ಏಪ್ರಿಲಲ್ಲಿ ಡರ್ಕ್ ನ್ಯಾನಿಸ್‌ಗೆ ಗಾಯ, ಬೆಂಗಳೂರು ಗೇಲ್‌ಗೆ ಫೋನ್ ಮಾಡಿತು. ಮೊದಲ ಮ್ಯಾಚಲ್ಲೇ ಶತಕ. ತಡವಾಗಿ ಬಂದರೂ 608 ರನ್, ಆ ವರ್ಷ ಎಲ್ಲರಿಗಿಂತ ಹೆಚ್ಚು.

2022ರಲ್ಲಿ ಮಧ್ಯಪ್ರದೇಶದ ರಜತ್ ಪಾಟಿದಾರ್ ಕಥೆಯೂ ಅಷ್ಟೇ. ಹರಾಜಲ್ಲಿ ಯಾರಿಗೂ ಬೇಡ. ನಮ್ಮ ಕರ್ನಾಟಕದ ಹುಡುಗ ಲವ್‌ನೀತ್ ಸಿಸೋಡಿಯಾಗೆ ಗಾಯವಾಯ್ತು, 20 ಲಕ್ಷಕ್ಕೆ ಪಾಟಿದಾರ್‌ನ ಕರೆಸಿದರು. 25 ಮೇ, ಎಲಿಮಿನೇಟರ್, 54 ಎಸೆತಕ್ಕೆ ಔಟಾಗದೆ 112.

ಒಂದು ವಿಷಯ ಮರೀಬೇಡಿ. ಒಬ್ಬನಿಗೆ ಫೋನ್ ಬಂತು ಅಂದರೆ ಇನ್ನೊಬ್ಬನಿಗೆ ನೋವಾಗಿದೆ. ಫೋನ್ ಬಾರದವರ ಹೆಸರು ಯಾರೂ ಬರೆದಿಡಲ್ಲ.

5️⃣ ಹಿತ್ತಲ ಗಿಡ

ಮೊದಲ ವರ್ಷಗಳಲ್ಲಿ ಪ್ರತಿ ತಂಡ ತನ್ನ ಸೀಮೆಯ ಆಟಗಾರರನ್ನ ಇಟ್ಟುಕೊಳ್ಳಲೇಬೇಕು ಅನ್ನೋ ನಿಯಮ ಇತ್ತು. ಆಮೇಲೆ ಅದು ಹೋಯ್ತು. ನವೆಂಬರ್ 2024ರಲ್ಲಿ ಜೆಡ್ಡಾದ ಹರಾಜು ಮುಗಿದಾಗ ಬೆಂಗಳೂರು ತಂಡದಲ್ಲಿ ಕರ್ನಾಟಕದವರು ಇಬ್ಬರೇ: ದೇವದತ್ ಪಡಿಕ್ಕಲ್ ಮತ್ತು ಮನೋಜ್ ಭಾಂಡಗೆ. ಕೆ.ಎಲ್. ರಾಹುಲ್ ದೆಹಲಿಗೆ ಹೋದರು. ಏಪ್ರಿಲ್ 2025ರಲ್ಲಿ ಚಿನ್ನಸ್ವಾಮಿಯಲ್ಲೇ ನಮ್ಮ ಮೇಲೆ ಔಟಾಗದೆ 93 ಹೊಡೆದು, ಬ್ಯಾಟಿಂದ ನೆಲದ ಮೇಲೆ ವೃತ್ತ ಗೀಚಿ ಇದು ನನ್ನ ಗ್ರೌಂಡು ಅಂತ ತೋರಿಸಿದರು. ಹಿತ್ತಲ ಗಿಡ ಮದ್ದಲ್ಲ ಅಂತ ಸುಮ್ಮನೆ ಹೇಳ್ತಾರಾ?

ಬೆಂಗಳೂರಿನವರೇ ಆದ ಮಯಾಂಕ್ ಅಗರ್ವಾಲ್ ಅವರನ್ನಂತೂ ಆ ಹರಾಜಲ್ಲಿ ಹತ್ತು ತಂಡಗಳೂ ಬಿಟ್ಟವು. ಮೇ 2025ರಲ್ಲಿ ಪಡಿಕ್ಕಲ್‌ಗೆ ಗಾಯ. ಫೋನ್ ಬಂತು.

3 ಜೂನ್ 2025, ಅಹಮದಾಬಾದ್. ಫೈನಲ್‌ಗೆ ಇಳಿದ ಹನ್ನೊಂದು ಜನರನ್ನ ನೋಡಿ. ಕ್ಯಾಪ್ಟನ್ ಪಾಟಿದಾರ್, ಒಮ್ಮೆ ಯಾರಿಗೂ ಬೇಡವಾದವರು. ಕೊಹ್ಲಿ, ಸರದಿಯಲ್ಲಿ ಸಿಕ್ಕವರು. ಹನ್ನೊಂದರಲ್ಲಿ ಕರ್ನಾಟಕದವರು ಒಬ್ಬರೇ, ಮಯಾಂಕ್. ಹರಾಜಲ್ಲಿ ಕೊಂಡ ಕೃಣಾಲ್ ಪಾಂಡ್ಯ ಪಂದ್ಯಶ್ರೇಷ್ಠ. ಹದಿನೆಂಟನೇ ಸೀಸನ್‌ನಲ್ಲಿ ಕಪ್ ಬಂತು. ಅಂತರ? 6 ರನ್.

ಮರುದಿನ ಚಿನ್ನಸ್ವಾಮಿ ಹೊರಗೆ ಕಾಲ್ತುಳಿತದಲ್ಲಿ 11 ಜನ ತೀರಿಹೋದರು. ತುಂಬಾ ಜನ ನಮ್ಮ ವಯಸ್ಸಿನವರೇ. ಆ ಕಪ್ ಬಗ್ಗೆ ಮಾತಾಡುವಾಗ ಅವರನ್ನ ಬಿಟ್ಟು ಮಾತಾಡೋಕೆ ನನಗೆ ಮನಸ್ಸಾಗಲ್ಲ.

ಈಗ ಆ ಫ್ರೆಂಡ್‌ಗೆ ಉತ್ತರ. ಇಲ್ಲ ಮಗಾ, ಡ್ರಾಫ್ಟ್ ಇದ್ದಿದ್ರೂ ನಿನ್ನನ್ನ ತಗೋತಿದ್ರು ಅಂತ ಹೇಳೋಕಾಗಲ್ಲ. ಡ್ರಾಫ್ಟಲ್ಲೂ ಜನ ಉಳೀತಾರೆ. ಆದರೆ ಆರಿಸುವವರ ಲೆಕ್ಕ ತಪ್ಪುತ್ತೆ ಅನ್ನೋದಕ್ಕೆ ದೆಹಲಿ ಸಾಕ್ಷಿ, ನಮ್ಮ ಟೀಮೂ ಸಾಕ್ಷಿ. ಲಿಸ್ಟ್ ಅನ್ನೋದು ಆ ದಿನದ ಅಂದಾಜು ಅಷ್ಟೇ. ಮಯಾಂಕ್‌ಗೆ ಫೋನ್ ಬಂದ ದಿನ ಅವರ ಕೈಯಲ್ಲಿ ಆಟ ಇತ್ತು. ನಾಳೆ ಬೆಳಿಗ್ಗೆ 6 ಗಂಟೆಗೆ ಕೋರ್ಟಿಗೆ ಬಾ, ನಾನೂ ಬರ್ತೀನಿ. ಲಿಸ್ಟಲ್ಲಿ ನನ್ನ ಹೆಸರೂ ಇರಲಿಲ್ಲ.

ನಿಮ್ಮ ಏರಿಯಾ ಟೀಮಲ್ಲಿ ಕೊನೆಗೆ ಉಳಿದು ಆಮೇಲೆ ಮ್ಯಾಚ್ ಗೆಲ್ಲಿಸಿದವರು ಯಾರು? ಕಾಮೆಂಟಲ್ಲಿ ಕಥೆ ಹೇಳಿ.