ಗೋಧಿ ಹೊಲದ ಸಂಸ್ಥಾನ

ಬಾವುಟ ಹಾರಿಸಿದರೆ ಹೊಲವೊಂದು ದೇಶವಾದೀತೇ? ಪಶ್ಚಿಮ ಆಸ್ಟ್ರೇಲಿಯಾದ ರೈತ ಲಿಯೊನಾರ್ಡ್ ಕೇಸ್ಲಿ ಹಾಗೆ ನಂಬಿದ್ದರು. ಸರ್ಕಾರ ಗೋಧಿ ಮಾರಾಟಕ್ಕೆ ಮಿತಿ ಹಾಕಿ, ಬೆಳೆದದ್ದರಲ್ಲಿ ಬಹುಪಾಲು ಮಾರದಂತಾದಾಗ, 1970ರಲ್ಲಿ ಅವರು ಸುಮಾರು 75 ಚದರ ಕಿಲೋಮೀಟರ್ ಜಮೀನನ್ನು 'ಹಟ್ ರಿವರ್' ಎಂಬ ಸ್ವತಂತ್ರ ರಾಜ್ಯವೆಂದು ಸಾರಿದರು. ನಾಣ್ಯ, ಅಂಚೆಚೀಟಿ, ಪಾಸ್‌ಪೋರ್ಟ್ ಎಲ್ಲವೂ ಬಂದವು.

ನೆಲ, ಜನ, ಸರ್ಕಾರ, ಅನ್ಯ ದೇಶಗಳೊಡನೆ ವ್ಯವಹರಿಸುವ ಶಕ್ತಿ - 1933ರ ಮಾಂಟೆವಿಡಿಯೊ ಒಪ್ಪಂದ ಹೇಳುವ ರಾಷ್ಟ್ರಲಕ್ಷಣಗಳಿವು. ಕೇಸ್ಲಿಯವರನ್ನು ಯಾವ ದೇಶವೂ ಮಾನ್ಯ ಮಾಡಲಿಲ್ಲ. ಆ ಹೊಲದಲ್ಲಿ ಯಾರ ಕಾನೂನು ನಡೆಯುತ್ತದೆಂಬುದನ್ನು 2017ರಲ್ಲಿ ನ್ಯಾಯಾಲಯ ತೋರಿಸಿತು: ಅಪ್ಪ-ಮಗ ಸುಮಾರು 30 ಲಕ್ಷ ಡಾಲರ್ ತೆರಿಗೆ ಬಾಕಿ ಕಟ್ಟಬೇಕಾಯಿತು. 2019ರಲ್ಲಿ ಕೇಸ್ಲಿ ತೀರಿಕೊಂಡರು. 2020ರಲ್ಲಿ ಸಂಸ್ಥಾನವೂ ಮುಗಿಯಿತು.

ಅದನ್ನು ದೇಶವೆಂದು ನಾವು ಒಪ್ಪಲಾರೆವು. ಆದರೆ ರೈತನ ಸಂಕಟ ಸುಳ್ಳಾಗಿರಲಿಲ್ಲ. ಅಹವಾಲಿಗೆ ನ್ಯಾಯ ಸಿಕ್ಕಿದ್ದರೆ ಅವರು ಬಾವುಟ ಹಾರಿಸುತ್ತಿದ್ದರೇ? ನಗುವ ಮುನ್ನ ನಾವು ಇದನ್ನು ಕೇಳಿಕೊಳ್ಳಬೇಕು.