ಫ್ಲಾಟ್‌ಪ್ಯಾಕ್

ಫ್ಲಾಟ್‌ಪ್ಯಾಕ್ ಎಂಬುದು ಲಿನಕ್ಸ್ ಗಣಕಗಳಿಗೆ ಡೆಸ್ಕ್‌ಟಾಪ್ ತಂತ್ರಾಂಶಗಳನ್ನು ಸಿದ್ಧಪಡಿಸಿ ಹಂಚುವ ಒಂದು ಮುಕ್ತ ವ್ಯವಸ್ಥೆ. ಒಮ್ಮೆ ತಯಾರಿಸಿದ ಪ್ಯಾಕೇಜು ಬೇರೆ ಬೇರೆ ಲಿನಕ್ಸ್ ವಿತರಣೆಗಳಲ್ಲಿ ಬದಲಾವಣೆಯಿಲ್ಲದೆ ನಡೆಯುವಂತೆ ಮಾಡುವುದು ಇದರ ಮುಖ್ಯ ಉದ್ದೇಶ. ಸ್ವತಂತ್ರ ತಂತ್ರಾಂಶ ತಯಾರಕರು ತಮ್ಮ ಕೃತಿಯನ್ನು ನೇರವಾಗಿ ಬಳಕೆದಾರರಿಗೆ ತಲುಪಿಸಲು ಇದನ್ನು ವ್ಯಾಪಕವಾಗಿ ಬಳಸುತ್ತಾರೆ.

ಹಿನ್ನೆಲೆ

ಲಿನಕ್ಸ್ ಮೂಲತಃ ಒಂದು ಕರ್ನೆಲ್‌ನ ಹೆಸರು. ಅದಕ್ಕೆ ಇತರ ತಂತ್ರಾಂಶಗಳನ್ನು ಜೋಡಿಸಿ ರೂಪಿಸಿದ ಡೆಬಿಯನ್, ಉಬುಂಟು, ಫೆಡೋರಾ ಮೊದಲಾದವುಗಳನ್ನು ವಿತರಣೆಗಳು ಎನ್ನುತ್ತಾರೆ. ಡೆಬಿಯನ್ ಮತ್ತು ಉಬುಂಟು ಡೆಬ್ ಮಾದರಿಯ ಪ್ಯಾಕೇಜುಗಳನ್ನು ಬಳಸಿದರೆ, ಫೆಡೋರಾ ಆರ್‌ಪಿಎಂ ಮಾದರಿಯನ್ನು ಬಳಸುತ್ತದೆ. ಸಾಂಪ್ರದಾಯಿಕ ಪದ್ಧತಿಯಲ್ಲಿ ತಯಾರಕರು ಮೂಲ ಸಂಕೇತವನ್ನು ಪ್ರಕಟಿಸುತ್ತಾರೆ. ಪ್ರತಿ ವಿತರಣೆಯ ನಿರ್ವಾಹಕರು ಅದನ್ನು ಪರಿಶೀಲಿಸಿ, ಪ್ಯಾಕೇಜು ಮಾಡಿ ತಮ್ಮ ಭಂಡಾರಕ್ಕೆ ಸೇರಿಸುತ್ತಾರೆ. ಈ ಪದ್ಧತಿ ವಿಶ್ವಾಸಾರ್ಹವಾದರೂ ನಿಧಾನವಾದುದು. ಡೆಬಿಯನ್‌ನ ಸ್ಥಿರ ಆವೃತ್ತಿ ಸುಮಾರು 2 ವರ್ಷಗಳಿಗೊಮ್ಮೆ ಹೊರಬರುತ್ತದೆ. ನಡುವೆ ಮುಖ್ಯವಾಗಿ ಭದ್ರತೆ ಹಾಗೂ ಗಂಭೀರ ದೋಷಗಳ ತಿದ್ದುಪಡಿಗಳಷ್ಟೇ ಸೇರುತ್ತವೆ. ಪ್ರತಿ ವಿತರಣೆಗೂ ಪ್ರತ್ಯೇಕ ಪ್ಯಾಕೇಜು ತಯಾರಿಸುವುದು ಒಂಟಿ ತಯಾರಕರಿಗೆ ಕಷ್ಟಸಾಧ್ಯ.

ಇತಿಹಾಸ

ರೆಡ್ ಹ್ಯಾಟ್ ಸಂಸ್ಥೆಯ ಅಲೆಕ್ಸಾಂಡರ್ ಲಾರ್ಸನ್ ಇದರ ಮೂಲ ರೂವಾರಿ. ಆರಂಭದಲ್ಲಿ ಎಕ್ಸ್‌ಡಿಜಿ-ಆ್ಯಪ್ ಎಂದಿದ್ದ ಹೆಸರು 2016ರಲ್ಲಿ ಫ್ಲಾಟ್‌ಪ್ಯಾಕ್ ಎಂದು ಬದಲಾಯಿತು. 1.0 ಆವೃತ್ತಿ 2018ರ ಆಗಸ್ಟ್‌ನಲ್ಲಿ ಬಿಡುಗಡೆಯಾಯಿತು.

ಕಾರ್ಯವಿಧಾನ

ತಂತ್ರಾಂಶಕ್ಕೆ ಅಗತ್ಯವಾದ ಲೈಬ್ರರಿಗಳು ಪ್ಯಾಕೇಜಿನೊಳಗೇ ಇರುತ್ತವೆ. ಅನೇಕ ತಂತ್ರಾಂಶಗಳಿಗೆ ಸಮಾನವಾಗಿ ಬೇಕಾದವನ್ನು ರನ್‌ಟೈಮ್ ಎಂಬ ಪ್ರತ್ಯೇಕ ಸಂಗ್ರಹ ಒದಗಿಸುತ್ತದೆ. ಗ್ನೋಮ್ ಮತ್ತು ಕೆಡಿಇ ರನ್‌ಟೈಮ್‌ಗಳು ಇದಕ್ಕೆ ಉದಾಹರಣೆ. ಬಬಲ್‌ರ‍್ಯಾಪ್ ಎಂಬ ಸಾಧನದ ನೆರವಿನಿಂದ ತಂತ್ರಾಂಶವು ಗಣಕದ ಉಳಿದ ಭಾಗಗಳಿಂದ ಪ್ರತ್ಯೇಕವಾಗಿ ನಡೆಯುತ್ತದೆ. ಕಡತಗಳನ್ನು ತೆರೆಯುವಂತಹ ಕೆಲಸಗಳಿಗೆ ಪೋರ್ಟಲ್ ಎಂಬ ಮಧ್ಯವರ್ತಿ ವ್ಯವಸ್ಥೆಯಿದೆ. ಇದರ ಮೂಲಕ ಬಳಕೆದಾರರು ಆಯ್ದುಕೊಟ್ಟ ಕಡತವಷ್ಟೇ ತಂತ್ರಾಂಶಕ್ಕೆ ಲಭ್ಯವಾಗುತ್ತದೆ.

ಫ್ಲಾಟ್‌ಹಬ್

ಫ್ಲಾಟ್‌ಹಬ್ ಈ ಪ್ಯಾಕೇಜುಗಳ ಪ್ರಮುಖ ಭಂಡಾರ. ಹೊಸ ತಂತ್ರಾಂಶದ ಮೊದಲ ಸಲ್ಲಿಕೆಯನ್ನು ಪರಿಶೀಲಕರು ನೋಡುತ್ತಾರೆ. ಅಂಗೀಕಾರವಾದ ಬಳಿಕ ಮುಂದಿನ ಆವೃತ್ತಿಗಳನ್ನು ಪ್ಯಾಕೇಜಿನ ನಿರ್ವಾಹಕರೇ ಹೊರತರಬಹುದು. ಎಲ್ಲ ಪ್ಯಾಕೇಜುಗಳನ್ನೂ ಮೂಲ ತಯಾರಕರೇ ಸಿದ್ಧಪಡಿಸಿರುವುದಿಲ್ಲ. ಆದುದರಿಂದ ತಯಾರಕರೇ ಹೊರತಂದ ಅಥವಾ ಅವರ ಅನುಮೋದನೆಯುಳ್ಳ ಪ್ಯಾಕೇಜುಗಳನ್ನು ಗುರುತಿಸಲು ದೃಢೀಕರಣ ಚಿಹ್ನೆಯನ್ನು ನೀಡಲಾಗುತ್ತದೆ.

ಇತರ ವಿಧಾನಗಳು

ಕೆನಾನಿಕಲ್ ಸಂಸ್ಥೆಯ ಸ್ನ್ಯಾಪ್ ಇದೇ ಉದ್ದೇಶದ ಇನ್ನೊಂದು ವ್ಯವಸ್ಥೆ. ಅದರ ಮುಖ್ಯ ಭಂಡಾರವನ್ನು ಆ ಸಂಸ್ಥೆಯೇ ನಡೆಸುತ್ತದೆ. ಆ್ಯಪ್‌ಇಮೇಜ್ ಪದ್ಧತಿಯಲ್ಲಿ ಇಡೀ ತಂತ್ರಾಂಶವು ಒಂದೇ ಕಡತದಲ್ಲಿರುತ್ತದೆ. ಅದನ್ನು ಸ್ಥಾಪಿಸದೆಯೇ ನಡೆಸಬಹುದು.

ಇತಿಮಿತಿಗಳು

ರನ್‌ಟೈಮ್‌ಗಳು ಡಿಸ್ಕ್‌ನಲ್ಲಿ ಹೆಚ್ಚು ಸ್ಥಳವನ್ನು ಆಕ್ರಮಿಸುತ್ತವೆ. ಕೆಲವು ತಂತ್ರಾಂಶಗಳು ಬಳಕೆದಾರರ ಎಲ್ಲ ಕಡತಗಳಿಗೂ ಪ್ರವೇಶಾನುಮತಿ ಪಡೆಯುವುದರಿಂದ ಪ್ರತ್ಯೇಕತೆಯ ರಕ್ಷಣೆ ದುರ್ಬಲವಾಗುತ್ತದೆ. ಸಾಂಪ್ರದಾಯಿಕ ಪದ್ಧತಿಯಲ್ಲಿ ವಿತರಣೆಯು ಒಂದು ಲೈಬ್ರರಿಯ ದೋಷವನ್ನು ಸರಿಪಡಿಸಿದರೆ, ಅದನ್ನು ಹಂಚಿಕೊಂಡು ಬಳಸುವ ತಂತ್ರಾಂಶಗಳೆಲ್ಲವೂ ಸುರಕ್ಷಿತವಾಗುತ್ತವೆ. ಇಲ್ಲಿ ಪ್ಯಾಕೇಜಿನೊಳಗಿನ ಲೈಬ್ರರಿಯನ್ನು ಆಯಾ ಪ್ಯಾಕೇಜಿನ ನಿರ್ವಾಹಕರೇ ನವೀಕರಿಸಬೇಕು. ಹೀಗಾಗಿ ಸ್ವಾತಂತ್ರ್ಯದೊಂದಿಗೆ, ಹಿಂದೆ ವಿತರಣೆಗಳು ಹೊತ್ತಿದ್ದ ಭದ್ರತೆಯ ಹೊಣೆಯ ಒಂದು ಭಾಗವೂ ತಯಾರಕರಿಗೆ ವರ್ಗವಾಗುತ್ತದೆ.